ತಪಾಸಣೆಯೇ ಬೆಲೆ ತರುವ ಮಾಲು

ಸಿದ್ಧವಾದ ಮಾಲನ್ನು ತಯಾರಕನೇ ತಡೆಹಿಡಿಯುವುದು ಉದ್ಯಮದಲ್ಲಿ ಅಪರೂಪ. 2015ರಲ್ಲಿ ಜಪಾನಿನ ಕೋಬೆ ನಗರದಲ್ಲಿ ಅಂಥದೊಂದು ನಿರ್ಧಾರವಾಯಿತು. ಇಳಿವಯಸ್ಸಿನಲ್ಲಿ ಅಕ್ಷಿಪಟಲದ ನಡುಭಾಗ ಸವೆದು ದೃಷ್ಟಿ ಕುಂದುವ ರೋಗಕ್ಕೆ, ರೋಗಿಯ ಚರ್ಮದಿಂದಲೇ ಕಣ್ಣಿನ ಕೋಶಗಳನ್ನು ತಯಾರಿಸಿ ಕೂಡಿಸುವ ಪ್ರಯೋಗವದು. 2014ರ ಸೆಪ್ಟೆಂಬರ್‌ನಲ್ಲಿ ರಿಕೆನ್ ಸಂಸ್ಥೆಯ ಮಸಾಯೊ ತಕಹಾಶಿ ಅವರ ನೇತೃತ್ವದಲ್ಲಿ ಮೊದಲ ರೋಗಿಗೆ ಕೋಶಗಳ ಹಾಳೆಯನ್ನು ಕೂಡಿಸಲಾಗಿತ್ತು. ಎರಡನೆಯ ರೋಗಿಯ ಸರದಿ ಬಂದಾಗ ಕೋಶಗಳ ಜೀನೋಮ್‌ನಲ್ಲಿ ಕೆಲವು ಬದಲಾವಣೆಗಳು ಕಂಡುಬಂದವು. ಅವು ಅಪಾಯಕಾರಿ ಎಂದು ಸಿದ್ಧವಾಗಿರಲಿಲ್ಲ. ನಿರಪಾಯಕಾರಿ ಎಂದೂ ಸಿದ್ಧವಾಗಿರಲಿಲ್ಲ. ಶಸ್ತ್ರಚಿಕಿತ್ಸೆ ನಿಂತಿತು. ಇದು ಅತಿಯಾದ ಎಚ್ಚರಿಕೆಯೆಂದು ಹೇಳುವವರು ಇರಬಹುದು. ಆದರೆ ಒಮ್ಮೆ ಕಣ್ಣಿನೊಳಗೆ ಸೇರಿದ ಮಾಲನ್ನು ಗಿರಾಕಿ ಹಿಂದಿರುಗಿಸಲಾರನಾದ್ದರಿಂದ, ಆ ನಿರ್ಧಾರ ಸರಿಯಾದುದೇ.

ಈ ಕೋಶಗಳಿಗೆ ಪ್ರೇರಿತ ಬಹುಶಕ್ತ ಕಾಂಡಕೋಶ, ಸಂಕ್ಷೇಪವಾಗಿ ಐಪಿಎಸ್ ಕೋಶ ಎಂದು ಹೆಸರು. ನಾಲ್ಕು ವಂಶವಾಹಿಗಳನ್ನು ಸೇರಿಸಿ ಬಲಿತ ಕೋಶವನ್ನು ಭ್ರೂಣದ ಕೋಶದಂಥ ಸ್ಥಿತಿಗೆ ಮರಳಿಸಬಹುದೆಂದು ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮಾನವ ಕೋಶದಲ್ಲಿ ತೋರಿಸಿದರು. 2012ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಜಾನ್ ಗರ್ಡನ್ ಅವರೊಡನೆ ಹಂಚಿಕೊಂಡರು. ಹೀಗೆ ಮರಳಿದ ಕೋಶದಿಂದ ಹೃದಯ, ನರ, ಕಣ್ಣು ಯಾವುದರ ಕೋಶವನ್ನಾದರೂ ಬೆಳೆಸಲು ಸಾಧ್ಯ. ಅದೇ ಶಕ್ತಿ ಗಡ್ಡೆಯಾಗಿ ಬೆಳೆಯಲೂ ಸಾಲುತ್ತದೆ.

ಆದುದರಿಂದ ಎರಡು ತಪಾಸಣೆಗಳು ಅನಿವಾರ್ಯ. ಮೊದಲನೆಯದು ಜೀನೋಮ್‌ನ ಓದು. 2011ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 22 ಐಪಿಎಸ್ ತಳಿಗಳನ್ನು ಪರೀಕ್ಷಿಸಿ, ಪ್ರೋಟೀನ್ ತಯಾರಿಸುವ ಭಾಗಗಳಲ್ಲಿ ತಳಿಗೆ ಸರಾಸರಿ ಐದಾರು ಬದಲಾವಣೆಗಳಿರುವುದಾಗಿ ಅಂದಾಜಿಸಿತು. ಅವುಗಳಲ್ಲಿ ಕನಿಷ್ಠ ಅರ್ಧದಷ್ಟು ಮೂಲ ಚರ್ಮದ ಕೆಲವೇ ಕೋಶಗಳಲ್ಲಿ ಮೊದಲೇ ಇದ್ದವು. ಕಚ್ಚಾಮಾಲಿನಲ್ಲಿದ್ದ ದೋಷ ಸಿದ್ಧಮಾಲಿನಲ್ಲಿ ಎದ್ದು ಕಾಣುವುದು ಎರಕದ ಕೆಲಸ ಬಲ್ಲವರಿಗೆ ಹೊಸತಲ್ಲ. ಪ್ರಯೋಗಾಲಯದಲ್ಲಿ ದೀರ್ಘಕಾಲ ಬೆಳೆಸಿದಾಗ ಹೊಸ ಬದಲಾವಣೆಗಳೂ ಸೇರುತ್ತವೆ. 20ನೆಯ ವರ್ಣತಂತುವಿನ ಒಂದು ತುಣುಕು ಇಮ್ಮಡಿಯಾದ ಕೋಶಗಳು ಸಾಯದೆ ಉಳಿದು, ಹೊಲದ ಕಳೆಯಂತೆ ಇತರ ಕೋಶಗಳನ್ನು ಹಿಂದಿಕ್ಕುವುದು ಹಲವು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ಎರಡನೆಯದು ವಂಶವಾಹಿಗಳ ಅಭಿವ್ಯಕ್ತಿಯ ಅಳತೆ. ಚರ್ಮದ ಕೋಶಕ್ಕೂ ಕಣ್ಣಿನ ಕೋಶಕ್ಕೂ ಡಿಎನ್‌ಎ ಒಂದೇ. ಯಾವ ವಂಶವಾಹಿ ದುಡಿಯುತ್ತಿದೆ, ಯಾವುದು ಸುಮ್ಮನಿದೆ ಎಂಬುದರಲ್ಲಿ ವ್ಯತ್ಯಾಸ. ಕೋಶದಲ್ಲಿರುವ ಆರ್‌ಎನ್‌ಎಯನ್ನು ಅಳೆದು ಇದನ್ನು ತಿಳಿಯಲಾಗುತ್ತದೆ. ಕಣ್ಣಿನ ಕೋಶಗಳ ನಡುವೆ ಮಾರ್ಪಾಡಾಗದ ಐಪಿಎಸ್ ಕೋಶವೊಂದು ಉಳಿದರೆ ಅಪಾಯ. ಲಿನ್28 ಎಂಬ ವಂಶವಾಹಿಯ ಆರ್‌ಎನ್‌ಎಯನ್ನು ಹುಡುಕಿದರೆ ಶೇ. 0.002ರಷ್ಟು, ಅಂದರೆ 50,000ಕ್ಕೆ ಒಂದರಂತೆ ಬೆರೆತಿದ್ದರೂ ಪತ್ತೆಯಾಗುವುದೆಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿದರು. ಅಕ್ಕಿಯಲ್ಲಿ ಕಲ್ಲು ಹುಡುಕುವವರಿಗೆ ಅಸೂಯೆ ಹುಟ್ಟಿಸುವ ನಿಖರತೆಯಿದು.

ಆದರೆ ಅಳೆಯುವ ಸಾಧನವಿದ್ದ ಮಾತ್ರಕ್ಕೆ ಮಾಲು ಪಾಸಾಗುವುದಿಲ್ಲ. ಎಷ್ಟು ವ್ಯತ್ಯಾಸ ಒಪ್ಪಿಗೆ, ಎಲ್ಲಿಂದಾಚೆಗೆ ತಿರಸ್ಕಾರ ಎಂಬ ಮಿತಿ ಬೇಕು. ಲೋಹದ ಬಿಡಿಭಾಗಕ್ಕೆ ನಕ್ಷೆಯಲ್ಲೇ ಅದನ್ನು ಬರೆದಿರುತ್ತದೆ. ಕೋಶದ ವಿಷಯದಲ್ಲಿ ಕ್ಯಾನ್ಸರ್‌ಗೆ ಸಂಬಂಧಿಸಿದ್ದೆಂದು ತಿಳಿದಿರುವ ವಂಶವಾಹಿ ಕೆಟ್ಟಿದ್ದರೆ ತಿರಸ್ಕಾರ ಸುಲಭ. ಅರ್ಥ ತಿಳಿಯದ ಬದಲಾವಣೆಯಿದ್ದರೆ ಕಷ್ಟ. ಮಿತಿ ಸ್ಪಷ್ಟವಾಗಿಲ್ಲದ ಕಡೆ ಕಡಿಮೆ ತಪಾಸಣೆ ಮಾಡುವವನ ಮಾಲು ಅಗ್ಗವಾಗಿ, ಎಚ್ಚರಿಕೆ ವಹಿಸಿದವನೇ ಮಾರುಕಟ್ಟೆಯಿಂದ ಹೊರಬೀಳುತ್ತಾನೆ.

ಖರ್ಚಿನ ಪ್ರಶ್ನೆಯನ್ನು ಮರೆಯುವಂತಿಲ್ಲ. ಮೊದಲ ರೋಗಿಯ ಚಿಕಿತ್ಸೆಗೆ ಸುಮಾರು 10 ಕೋಟಿ ಯೆನ್ ತಗುಲಿತೆಂದು ವರದಿಯಾಗಿತ್ತು. ಒಬ್ಬರಿಗೆ ಒಂದು ಬ್ಯಾಚ್, ಪ್ರತಿ ಬ್ಯಾಚಿಗೂ ಪೂರ್ಣ ತಪಾಸಣೆ ಎಂದರೆ ಯಾವ ಉದ್ಯಮವೂ ನಿಲ್ಲದು. 2017ರಲ್ಲಿ ಅದೇ ತಂಡ ಆರೋಗ್ಯವಂತ ದಾನಿಯ ದಾಸ್ತಾನು ಕೋಶಗಳತ್ತ ಹೊರಳಿತು. ಮೂಲ ದಾಸ್ತಾನನ್ನು ಒಮ್ಮೆ ಕೂಲಂಕಷವಾಗಿ ಪರೀಕ್ಷಿಸಿದರೆ ಆ ವೆಚ್ಚ ಅನೇಕ ರೋಗಿಗಳಿಗೆ ಹಂಚಿಹೋಗುತ್ತದೆ. ಲೆಕ್ಕ ಸರಿಯಾದುದೇ, ಆದರೆ ಆಗ ಕಣ್ತಪ್ಪಿದ ಒಂದು ದೋಷ ಅಷ್ಟೂ ಜನರಿಗೆ ತಲುಪುತ್ತದೆಂಬುದನ್ನು ಲೆಕ್ಕಪುಸ್ತಕದ ಎದುರು ಪುಟದಲ್ಲಿ ಬರೆದುಕೊಳ್ಳಬೇಕು.

ಕರ್ನಾಟಕಕ್ಕೂ ಇದು ದೂರದ ಸುದ್ದಿಯಲ್ಲ. ಬೆಂಗಳೂರಿನ ಇನ್‌ಸ್ಟೆಮ್, ಎನ್‌ಸಿಬಿಎಸ್ ಮತ್ತು ನಿಮ್ಹಾನ್ಸ್ ಸಂಸ್ಥೆಗಳು ಮನೋರೋಗಗಳ ಅಧ್ಯಯನಕ್ಕೆ ಐಪಿಎಸ್ ಕೋಶಗಳನ್ನು ಬಳಸಿವೆ. ಇನ್ನೊಂದೆಡೆ, ರಕ್ತೋತ್ಪಾದಕ ಕಾಂಡಕೋಶಗಳ ನಿಗದಿತ ಬಳಕೆಯ ಹೊರತು ಉಳಿದುದೆಲ್ಲ ಅಂಗೀಕೃತ ಪ್ರಯೋಗಗಳಿಗೆ ಸೀಮಿತವಾಗಿರಬೇಕೆಂದು 2017ರ ರಾಷ್ಟ್ರೀಯ ಮಾರ್ಗಸೂಚಿ ಹೇಳಿದ್ದರೂ, ಕಾಂಡಕೋಶದ ಹೆಸರಿನಲ್ಲಿ ಹಣ ಪಡೆಯುವ ಚಿಕಿತ್ಸಾಲಯಗಳು ದೇಶದಲ್ಲಿ ಹುಟ್ಟಿಕೊಂಡವು. ಇವೆರಡರ ನಡುವಿನ ಅಂತರವನ್ನು ತೋರಿಸಬಲ್ಲದ್ದು ತಪಾಸಣಾ ಪತ್ರವೊಂದೇ. ಕೈಗಾರಿಕಾ ಸಮುಚ್ಚಯಗಳಲ್ಲಿ ಸಣ್ಣ ಘಟಕಗಳಿಗೆಂದು ಸಾಮಾನ್ಯ ಸೌಲಭ್ಯ ಕೇಂದ್ರಗಳನ್ನು ಸ್ಥಾಪಿಸಿದಂತೆ, ಸಣ್ಣ ಜೈವಿಕ ಉದ್ಯಮಗಳಿಗೂ ಮಾರಾಟಗಾರನ ಹಂಗಿಲ್ಲದ ಪರೀಕ್ಷಾ ಕೇಂದ್ರ ಬೇಕು. ಅಲ್ಲಿ ದಾನಿಯ ಮೂಲ ರಕ್ತದ ಮಾದರಿಯನ್ನೂ ಕಾದಿರಿಸಬೇಕು. ಹೋಲಿಸಲು ಅದಿಲ್ಲದಿದ್ದರೆ, ಕಂಡ ಬದಲಾವಣೆ ಹುಟ್ಟಿನಿಂದ ಬಂದುದೋ ತಯಾರಿಕೆಯಲ್ಲಿ ಸೇರಿದುದೋ ಎಂದು ಹೇಳುವುದು ಕಷ್ಟ.