ಪೈಪ್ ಆರ್ಗನ್‌ಗೆ ಡಿಜಿಟಲ್ ಧ್ವನಿ ಸೇರಿಸಿದರೆ ಅದು ನಕಲಿಯೇ?

ಚರ್ಚಿನ ಹಳೆಯ ಪೈಪ್ ಆರ್ಗನ್ ದುರಸ್ತಿ ಮಾಡುವಾಗ ಕೆಲವೆಡೆ ಡಿಜಿಟಲ್ ಧ್ವನಿಗಳನ್ನೂ ಸೇರಿಸುತ್ತಾರೆ. ಹಾಗಾದರೆ ಕೇಳಿಸುವುದು ಬರೀ ರೆಕಾರ್ಡಿಂಗಾ? ಅಲ್ಲ. ಇರುವ ಪೈಪುಗಳು ಗಾಳಿಯಿಂದಲೇ ನುಡಿಯುತ್ತವೆ. ಇಲ್ಲದ ಧ್ವನಿಗಳಷ್ಟೇ ಸ್ಪೀಕರ್‌ನಿಂದ ಬರುತ್ತವೆ.

ಕಾರಣ ಜಾಗ ಮತ್ತು ಹಣ. ಸುಮಾರು 16 ಹರ್ಟ್ಸ್‌ನ ಅತಿ ತಗ್ಗಿನ ಸ್ವರಕ್ಕೆ 32 ಅಡಿಯಷ್ಟು ಉದ್ದದ ತೆರೆದ ಪೈಪ್ ಬೇಕು. ಅಂದರೆ ಮೂರು ಮಹಡಿಯ ಎತ್ತರ!

ಆದರೆ ತೊಡಕೂ ಇದೆ. ಸೆಖೆಯಲ್ಲಿ ಪೈಪಿನ ಶ್ರುತಿ ಏರುತ್ತದೆ; ಡಿಜಿಟಲ್ ಶ್ರುತಿ ತಾನಾಗಿ ಏರದು. ಹೊಂದಿಸದಿದ್ದರೆ ಅಪಶ್ರುತಿ. ಪೈಪುಗಳು ಶತಮಾನ ಬಾಳಬಲ್ಲವು, ಎಲೆಕ್ಟ್ರಾನಿಕ್ಸ್ ಬೇಗ ಹಳತಾಗುತ್ತದೆ. ನ್ಯೂಯಾರ್ಕ್‌ನ ಟ್ರಿನಿಟಿ ಚರ್ಚ್ 2003ರಲ್ಲಿ ಪೂರ್ತಿ ಡಿಜಿಟಲ್ ಆರ್ಗನ್ ಹಾಕಿಸಿ, ಬಳಿಕ ಪೈಪುಗಳಿಗೇ ಮರಳಿತು.

ಹಾಗಾಗಿ ದೇಣಿಗೆ ಕೊಡುವವರು ಕೇಳಬೇಕಾದ ಪ್ರಶ್ನೆ 'ಅಸಲಿಯೋ ನಕಲಿಯೋ' ಎಂಬುದಲ್ಲ. ಡಿಜಿಟಲ್ ಭಾಗ ಕೆಟ್ಟರೂ ಪೈಪುಗಳು ನುಡಿಯುತ್ತವೆಯೇ ಎಂಬುದು.