ಎರಡು ಪ್ರವಾಸಗಳ ನಡುವೆ

“ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು” ಎಂಬುದು ನಮ್ಮ ಹಿರಿಯರ ಮಾತು. ಈ ಗಾದೆಯ ಮೊದಲರ್ಧವನ್ನು ನಮ್ಮ ಕಾಲದವರು ಬಹಳ ಶ್ರದ್ಧೆಯಿಂದ ಪಾಲಿಸುತ್ತಿದ್ದಾರೆ. ಎರಡನೆಯ ಅರ್ಧದ ಸಂಗತಿಯನ್ನು ಗ್ರಂಥಪಾಲಕರನ್ನು ಕೇಳಿದರೆ ತಿಳಿದೀತು. ಮೂರು ದಿನ ರಜೆ ಒಟ್ಟಿಗೆ ಬಂದಿತೆಂದರೆ ಸಾಕು, ಬಸ್ಸು ರೈಲುಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಹೋದವರು ಹಿಂದಿರುಗಿ ಬಂದು ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸುತ್ತಾರೆ, ಹೋಗದವರು ನೋಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದರೊಡನೆ ನಮ್ಮಲ್ಲಿ ಒಂದು ಭಾವನೆಯೂ ಬೇರೂರುತ್ತಿದೆ. ಸಂತೋಷವೆಂಬುದು ಊರಾಚೆ ಎಲ್ಲೋ ಇರುವ ವಸ್ತು; ಅಲ್ಲಿಗೆ ಹೋಗಿಬಂದ ನಾಲ್ಕು ದಿನವೇ ಬದುಕು; ಒಂದು ಪ್ರವಾಸಕ್ಕೂ ಇನ್ನೊಂದಕ್ಕೂ ನಡುವೆ ಇರುವ ದಿನಗಳು ಕೇವಲ ಕಾಯುವ ದಿನಗಳು ಎಂಬುದೇ ಆ ಭಾವನೆ. ಇದನ್ನು ನಾನು ಒಪ್ಪಲಾರೆ. ಏಕೆ ಒಪ್ಪಲಾರೆನೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಸರಳವಾದ ಒಂದು ಲೆಕ್ಕ. ವರ್ಷಕ್ಕೆ 365 ದಿನಗಳು. ಉಳ್ಳವರು ಕೂಡ ಪ್ರವಾಸಕ್ಕೆಂದು ಮೀಸಲಿಡುವುದು ಹೆಚ್ಚೆಂದರೆ ಹತ್ತು ಹದಿನೈದು ದಿನ. ಈ ಹದಿನೈದು ದಿನಗಳಲ್ಲಿ ಮಾತ್ರ ಸುಖವಿದೆ ಎಂದು ನಂಬಿದವನು ಉಳಿದ 350 ದಿನಗಳನ್ನು ತಾನಾಗಿಯೇ ದಂಡ ತೆತ್ತಂತಾಯಿತು. ಇಷ್ಟು ನಷ್ಟದ ವ್ಯಾಪಾರವನ್ನು ನಮ್ಮ ಸಂತೆಯಲ್ಲಿ ಯಾವ ರೈತನೂ ಮಾಡುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ನಮ್ಮ ಹಳ್ಳಿ ಇರುವುದು ಬೇಲೂರು ತಾಲ್ಲೂಕಿನಲ್ಲಿ. ಅಲ್ಲಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರು. ದಿನವೂ ಹೋಗಿಬರಲು 80 ಕಿಲೋಮೀಟರು. ವರ್ಷಕ್ಕೆ 180 ದಿನ ಪಾಠ ನಡೆಯುತ್ತದೆಂದು ಇಟ್ಟುಕೊಂಡರೆ 14,400, ಬಿ.ಎ. ತರಗತಿಯ ಮೂರು ವರ್ಷಕ್ಕೆ 43,200 ಕಿಲೋಮೀಟರು. ಭೂಮಿಯ ಮಧ್ಯರೇಖೆಯ ಸುತ್ತಳತೆ ಸುಮಾರು 40,075 ಕಿಲೋಮೀಟರೆಂದು ಭೂಗೋಳದ ಪುಸ್ತಕ ಹೇಳುತ್ತದೆ. ಎಂದರೆ, ಎಲ್ಲಿಗೂ ಹೋಗದ ನನ್ನಂಥವಳು ಈ ಪರೀಕ್ಷೆ ಮುಗಿಯುವ ಹೊತ್ತಿಗೆ ಭೂಮಂಡಲವನ್ನು ಒಮ್ಮೆ ಸುತ್ತಿ, ಇನ್ನೂ ಮೂರು ಸಾವಿರ ಕಿಲೋಮೀಟರು ಮುಂದೆ ಹೋಗಿರುತ್ತಾಳೆ! ಹಳ್ಳಿಗಳಿಂದ ಬರುವ ನಮ್ಮ ಸಹಪಾಠಿಗಳಲ್ಲಿ ಅನೇಕರು ಇಂಥ ಭೂಪ್ರದಕ್ಷಿಣೆ ಮಾಡಿದವರೇ. ಆದರೂ “ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ?” ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸುತ್ತೇವೆ.

ಈ ದಾರಿಯಲ್ಲಿ ನೋಡುವಂಥದ್ದೇನಿದೆ ಎಂದು ಕೇಳಬಹುದು. ಮುಂಗಾರು ಹಿಡಿಯುವ ಮೊದಲು ಕೆಂಪು ನೆಲದಲ್ಲಿ ಸಾಲು ಹಿಡಿದು ಆಲೂಗೆಡ್ಡೆಯ ಬೀಜ ಊರುವವರಿದ್ದಾರೆ. ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆಯೇ ಹರಡಿದ ರಾಗಿಯ ತೆನೆಗಳಿವೆ. ನಮ್ಮ ಬಸ್ಸಿನ ಚಕ್ರವೂ ಒಕ್ಕಣೆಗೆ ಕೈಗೂಡಿಸುತ್ತದೆ. ಚಳಿಗಾಲದ ಮುಂಜಾನೆ ಮಂಜಿನೊಳಗಿಂದ ಒಂದು ಕೈ ಮಾತ್ರ ಮೇಲೆದ್ದು ಬಸ್ಸನ್ನು ನಿಲ್ಲಿಸುತ್ತದೆ. ಆಮೇಲೆ ಆ ಕೈಗೆ ಸೇರಿದ ಅಜ್ಜಿ, ಅಜ್ಜಿಯ ಹಿಂದೆ ಸೊಪ್ಪಿನ ಗಂಟು ಕಾಣಿಸಿಕೊಳ್ಳುತ್ತವೆ. ಆ ಗಂಟನ್ನು ನನ್ನ ತೊಡೆಯ ಮೇಲಿರಿಸಿಕೊಂಡು ನಾನು ಎಷ್ಟೋ ಸಲ ಇತಿಹಾಸದ ಟಿಪ್ಪಣಿ ಓದಿದ್ದೇನೆ. ಸಬ್ಬಸಿಗೆಯ ಘಮದೊಡನೆ ಓದಿದ ಫ್ರಾನ್ಸಿನ ಮಹಾಕ್ರಾಂತಿಯನ್ನು ನಾನು ಎಂದಿಗೂ ಮರೆಯಲಾರೆ.

ಕೆಲವು ಸೊಗಸುಗಳಂತೂ ಪ್ರವಾಸಿಗೆ ದಕ್ಕುವುದೇ ಕಷ್ಟ. ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಮಲೆನಾಡಿನ ಸೆರಗಿನಲ್ಲಿ ಹೂಮಳೆ ಬೀಳುತ್ತದೆ. ಅದು ಬಿದ್ದ ಎಂಟು ಹತ್ತು ದಿನಗಳಲ್ಲಿ ಕಾಫಿಯ ತೋಟವೆಲ್ಲ ಬೆಳ್ಳಗೆ ಅರಳಿ, ಮಲ್ಲಿಗೆಯನ್ನು ಹೋಲುವ ಪರಿಮಳ ರಸ್ತೆಯವರೆಗೂ ಹರಿಯುತ್ತದೆ. ಮೂರು ನಾಲ್ಕು ದಿನಗಳಲ್ಲಿ ಹೂವು ಬಾಡುತ್ತದೆ. ಮಳೆ ಯಾವ ದಿನ ಬರುವುದೋ ಯಾರೂ ಹೇಳಲಾರರು. ತಿಂಗಳ ಮೊದಲೇ ದಿನ ಗೊತ್ತುಮಾಡಿ, ಕೋಣೆ ಕಾದಿರಿಸಿ ಬರುವವರಿಗೆ ಇದು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ತಪ್ಪದೆ ಸಿಕ್ಕುವುದು ಅಲ್ಲಿಯೇ ಇರುವವರಿಗೆ. ಪ್ರಪಂಚದಲ್ಲಿ ಹೋಗಿ ನೋಡಬೇಕಾದ ಚೆಲುವು ಇರುವಂತೆಯೇ ಇದ್ದು ನೋಡಬೇಕಾದ ಚೆಲುವೂ ಇದೆ.

ನಮ್ಮ ಬೇಲೂರಿನ ವಿಷಯವನ್ನೇ ನೋಡಿ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯ 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ದೇವಾಲಯಗಳೊಡನೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೇಶವಿದೇಶಗಳಿಂದ ಜನರು ಬರುತ್ತಾರೆ. ನಮ್ಮ ಸುತ್ತಿನ ಹಳ್ಳಿಗರಿಗಾದರೋ ಬೇಲೂರೆಂದರೆ ಬಸ್ಸು ಬದಲಾಯಿಸುವ ಊರು. ಬಂದವರು ಸೂರಿನ ಕೆಳಗಿನ ಮದನಿಕೆಯರ ವಿಗ್ರಹಗಳನ್ನು ಕತ್ತೆತ್ತಿ ನೋಡಿ ಬೆರಗಾಗುತ್ತಾರೆ. ಆ ಮದನಿಕೆಯರು ಮಾಡುತ್ತಿರುವುದಾದರೂ ಏನು? ಒಬ್ಬಳು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ. ಒಬ್ಬಳು ಮಿಂದು ಬಂದು ಒದ್ದೆ ಕೂದಲನ್ನು ಹಿಂಡುತ್ತಿದ್ದಾಳೆ. ಒಬ್ಬಳ ಬಳಿ ಗಿಳಿಯಿದೆ. ಇನ್ನೊಬ್ಬಳ ಸೆರಗನ್ನು ಕೋತಿ ಹಿಡಿದೆಳೆಯುತ್ತಿದೆ. ಇವೆಲ್ಲ ಯಾವ ಮನೆಯ ಹಿತ್ತಿಲಿನಲ್ಲಿ ನಡೆಯದ ಸಂಗತಿಗಳು? ಒಂಬೈನೂರು ವರ್ಷಗಳ ಹಿಂದಿನ ಶಿಲ್ಪಿಗಳು ನಿತ್ಯಜೀವನದ ಕ್ಷಣಗಳನ್ನು ಗಮನವಿಟ್ಟು ನೋಡಿದರು. ನೋಡಿದುದನ್ನು ದೇವರ ಮನೆಯ ಸೂರಿಗೆ ಏರಿಸಿದರು. ಅದನ್ನು ನೋಡಲು ನಾವು ನೂರಾರು ಮೈಲಿ ಪ್ರಯಾಣ ಮಾಡುತ್ತೇವೆ. ಆದರೆ ಮನೆಯಲ್ಲಿ ತಂಗಿ ತಲೆ ಬಾಚಿಕೊಳ್ಳುವುದನ್ನು ಒಂದು ಗಳಿಗೆ ನಿಂತು ನೋಡಲು ನಮಗೆ ಪುರಸೊತ್ತಿಲ್ಲ.

ನೋಡುವ ಕಣ್ಣು ಊರಿನಲ್ಲಿಯೇ ಪಳಗಬೇಕು. ನಮ್ಮ ಜಿಲ್ಲೆಯವರೇ ಆದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇದಕ್ಕೆ ಒಳ್ಳೆಯ ಉದಾಹರಣೆ. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಅವರ ಕೃತಿ ‘ಅಮೇರಿಕಾದಲ್ಲಿ ಗೊರೂರು’. ಅದಕ್ಕೂ ದಶಕಗಳ ಮೊದಲೇ ಅವರು ಹೇಮಾವತಿಯ ದಂಡೆಯ ತಮ್ಮ ಹಳ್ಳಿಯನ್ನು ಕುರಿತು ‘ಹಳ್ಳಿಯ ಚಿತ್ರಗಳು’ ಬರೆದಿದ್ದರು. ಹಳ್ಳಿಯನ್ನು ನಗುನಗುತ್ತ ನೋಡಬಲ್ಲವರಾಗಿದ್ದುದರಿಂದಲೇ ಅವರಿಗೆ ಅಮೆರಿಕವೂ ಕಂಡಿತೆಂದು ನನಗನ್ನಿಸುತ್ತದೆ. ಯೂರೋಪಿನಲ್ಲಿ ಇದಕ್ಕಿಂತಲೂ ವಿಚಿತ್ರವಾದ ಯಾತ್ರಿಕನೊಬ್ಬನಿದ್ದ. 1790ರಲ್ಲಿ ಸೇವಿಯರ್ ದ ಮೇಸ್ತ್ರ್ ಎಂಬ ಸೈನಿಕ, ದ್ವಂದ್ವಯುದ್ಧ ಮಾಡಿದುದಕ್ಕಾಗಿ ಟ್ಯೂರಿನ್ ನಗರದ ತನ್ನ ಕೋಣೆಯಲ್ಲಿಯೇ 42 ದಿನ ಬಂಧಿತನಾಗಿದ್ದ. ಆ ಕೋಣೆಯ ಮಂಚ, ಕುರ್ಚಿ, ಗೋಡೆಯ ಚಿತ್ರಗಳನ್ನೇ ದೇಶಗಳೆಂದು ಭಾವಿಸಿ ಒಂದು ಪ್ರವಾಸ ಗ್ರಂಥವನ್ನೇ ಬರೆದುಬಿಟ್ಟ. ಅವನ ವಿನೋದದಲ್ಲಿ ಸತ್ಯಾಂಶವಿದೆ. ಕಾಣುವವನಿಗೆ ನಾಲ್ಕು ಗೋಡೆಯೂ ಸಾಲದೆ ಹೋಗುವುದಿಲ್ಲ.

ಇಷ್ಟಾದ ಮೇಲೆ ಒಂದು ಆಕ್ಷೇಪಣೆ ಏಳುತ್ತದೆ. “ಇದು ಬಡವರಿಗೆ ಹೇಳುವ ಸಮಾಧಾನದ ಮಾತು. ದ್ರಾಕ್ಷಿ ಎಟುಕದ ನರಿಯ ಕಥೆ” ಎಂದು ಗೆಳತಿಯರು ನನ್ನನ್ನು ಹಾಸ್ಯ ಮಾಡಿದ್ದಾರೆ. ಈ ಆಕ್ಷೇಪಣೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಕಾಲೇಜಿನ ಪ್ರವಾಸದ ಪಟ್ಟಿಗೆ ಹೆಸರು ಕೊಡದವರೆಲ್ಲರೂ ವೈರಾಗ್ಯದಿಂದ ಸುಮ್ಮನಿರುವವರಲ್ಲ. ತೋಟದ ಕೂಲಿಯ ಎಷ್ಟು ದಿನಗಳ ಸಂಪಾದನೆ ಆ ಮೂರು ದಿನಗಳಿಗೆ ಆಗುತ್ತದೆಂದು ಮನೆಯಲ್ಲಿ ಎಣಿಸಿ ನೋಡಿ ಸುಮ್ಮನಾದವರು. ಅಂಥವರಿಗೆ “ಇದ್ದಲ್ಲೇ ಸುಖಪಡಿ” ಎಂದು ಉಪದೇಶ ಮಾಡುವುದು ಅನ್ಯಾಯ. ಪ್ರಯಾಣ ಎಲ್ಲರಿಗೂ ಸಿಗಬೇಕಾದದ್ದೇ. 2023ರ ಜೂನ್ 11ರಂದು ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲದಾದಾಗ ನಮ್ಮ ಬೀದಿಯ ಹೆಂಗಸರೆಲ್ಲ ಧರ್ಮಸ್ಥಳಕ್ಕೆ ಹೊರಟರು. ನಮ್ಮ ತಾಯಿಯೂ ಹೋದರು. ತವರುಮನೆಯ ದಾರಿ ಬಿಟ್ಟರೆ ಬೇರೆ ದಾರಿ ಅವರು ಕಂಡಿರಲಿಲ್ಲ. ಆ ಪ್ರಯಾಣವನ್ನು ಕಡಮೆಯೆಂದು ನಾನು ಹೇಗೆ ಹೇಳಲಿ?

ಆದರೆ ಅವರು ಬಂದು ಹೇಳಿದ್ದೇನೆಂಬುದನ್ನೂ ಹೇಳಬೇಕು. ಘಾಟಿಯ ತಿರುವುಗಳಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕದ್ದು, ನೇತ್ರಾವತಿಯಲ್ಲಿ ಕಾಲಿಳಿಬಿಟ್ಟು ಕುಳಿತದ್ದು, ಪಕ್ಕದ ಮನೆಯಾಕೆಯೊಡನೆ ಎರಡು ವರ್ಷ ನಿಂತಿದ್ದ ಮಾತು ಬಸ್ಸಿನಲ್ಲಿ ಮತ್ತೆ ಶುರುವಾದದ್ದು. ಆ ಮಾತು ಈಗಲೂ ಬೇಲಿಯ ಎರಡೂ ಕಡೆ ನಡೆದಿದೆ. ಪ್ರವಾಸದ ಫಲ ಮನೆಗೆ ಬಂದ ಮೇಲೆ ಉಳಿಯುವುದು ಹೀಗೆ. ದೂರದ ಊರು ಉಪ್ಪಿನಕಾಯಿಯಂತೆ. ಅದು ರುಚಿ ಕೊಡುವುದು ಅನ್ನದ ಜೊತೆಗೆ. ಬರಿಯ ಉಪ್ಪಿನಕಾಯಿಯನ್ನೇ ಉಂಡು ಯಾರೂ ಬದುಕಿಲ್ಲ. ಅನ್ನದ ಕಾಳನ್ನು ತುಚ್ಛವೆಂದು ನಮ್ಮ ಮನೆಗಳಲ್ಲಿ ಯಾರೂ ಹೇಳುವುದೂ ಇಲ್ಲ.

ಅಂತಿಮ ವರ್ಷದ ವಿದ್ಯಾರ್ಥಿಗಳಾದ ನಮಗೆ ಇದು ಬರಿಯ ಚರ್ಚೆಯ ವಿಷಯವಲ್ಲ. ಪದವಿಯ ನಂತರ ನಮ್ಮಲ್ಲಿ ಅನೇಕರು ಉದ್ಯೋಗಕ್ಕಾಗಿ ಬೆಂಗಳೂರಿಗೋ ಮೈಸೂರಿಗೋ ಹೋಗುವವರು. ಆಗ ಊರಿಗೆ ಬರುವುದೇ ನಮಗೆ ಪ್ರವಾಸವಾಗುತ್ತದೆ; ಹಬ್ಬಕ್ಕೆ ಎರಡು ದಿನ, ಜಾತ್ರೆಗೆ ಒಂದು ದಿನ. ನಡುವಿನ ದಿನಗಳನ್ನು ಬದುಕಲು ಈಗಲೇ ಕಲಿಯದಿದ್ದರೆ, ಬಾಡಿಗೆಯ ಕೋಣೆಯಲ್ಲಿ ಹಬ್ಬವನ್ನು ಕಾಯುತ್ತಲೇ ನಮ್ಮ ಆಯುಸ್ಸು ಸವೆಯುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಓದಿನಿಂದ ನನಗೆ ದೊರೆತುದರಲ್ಲಿ ಕೆಲಸವೂ ಒಂದಾಗಲಿ ಎಂಬುದು ಮನೆಯವರ ಆಸೆ, ನನ್ನ ಆಸೆಯೂ ಹೌದು. ಜೊತೆಗೆ ಕಣ್ಣೂ ಒಂದಾಗಲಿ.

ಕೊನೆಯಲ್ಲಿ ಒಂದು ಸಲಹೆ. ಮುಂದಿನ ವರ್ಷದ ತಂಗಿ ತಮ್ಮಂದಿರು ದೂರದ ಪ್ರವಾಸಕ್ಕೆ ಅಗತ್ಯವಾಗಿ ಹೋಗಲಿ. ಅದರ ಜೊತೆಗೆ, ಪ್ರತಿ ಅವಧಿಯಲ್ಲೂ ಅರ್ಧ ದಿನದ ಒಂದು ನಡಿಗೆಯನ್ನು ಏರ್ಪಡಿಸಿಕೊಳ್ಳಲಿ. ಯಾರಾದರೂ ಒಬ್ಬ ವಿದ್ಯಾರ್ಥಿಯ ಊರಿಗೆ ಹೋಗಲಿ. ಕೆರೆ ನೋಡಲಿ, ವೀರಗಲ್ಲಿದ್ದರೆ ಅದರ ಮುಂದೆ ನಿಲ್ಲಲಿ, ಆ ಮನೆಯ ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿಯಲಿ. ಇದಕ್ಕೆ ಚಂದಾ ಬೇಕಿಲ್ಲ. ಹೆಸರು ಕೊಡದೆ ಹಿಂದೆ ಸರಿಯುವವರೂ ಇರಲಾರರು. ಮೊದಲ ನಡಿಗೆಗೆ ನಮ್ಮ ಊರನ್ನೇ ಆರಿಸಿಕೊಂಡರೆ ಸಂತೋಷ. ಹೂಮಳೆಯ ದಿನವನ್ನು ಮಾತ್ರ ಮುಂಚಿತವಾಗಿ ತಿಳಿಸಲಾರೆ. ಆಕಾಶ ನೋಡಿ ಹೊರಡಬೇಕು.