ಕೊಳಚೆಯ ಜೀನ್‌ಗೂ ಒಂದು ಲೆಕ್ಕ ಬೇಕಲ್ವಾ?

ಬೆಗ್ಗಿಯಟೋವಾ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಗಂಧಕದ ವಾಸನೆ ಹೊಡೆಯುವ ಕೆಸರು, ಕೊಳಚೆ ನೀರು ಅಂದ್ರೆ ಅದಕ್ಕೆ ಇಷ್ಟ. ಅದರೊಳಗಿನ ಒಂದು ಕಿಣ್ವದ ಮೇಲೆ ನೀಲಿ ಬೆಳಕು ಬಿದ್ದರೆ ಅದು ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ಅಣುವನ್ನು ತಯಾರಿಸಲು ಶುರು ಮಾಡುತ್ತೆ. ಬೆಳಕು ಆರಿಸಿದರೆ ಸ್ವಲ್ಪ ಹೊತ್ತಿನಲ್ಲೇ ಸುಮ್ಮನಾಗುತ್ತೆ.

ಈ ಅಣು ಯಾಕೆ ಮುಖ್ಯ? ಅಡ್ರಿನಲಿನ್ ಜೀವಕೋಶದ ಬಾಗಿಲವರೆಗೆ ಬಂದು ನಿಲ್ಲುತ್ತದೆ. ಸುದ್ದಿಯನ್ನು ಒಳಗೆ ಒಯ್ಯುವುದು ಸೈಕ್ಲಿಕ್ ಎಎಂಪಿ. ಕಾಲರಾದ ವಿಷ ಕರುಳಿನ ಕೋಶಗಳಲ್ಲಿ ಇದರ ಉತ್ಪಾದನೆ ನಿಲ್ಲದಂತೆ ಮಾಡುವುದರಿಂದಲೇ ದೇಹದ ನೀರೆಲ್ಲ ಸೋರಿಹೋಗುವುದು. ಇದರ ತಮ್ಮನಂಥ ಸೈಕ್ಲಿಕ್ ಜಿಎಂಪಿಗೂ ಭೇದಿಗೂ ಇರುವ ನಂಟನ್ನು ಬೆಂಗಳೂರಿನ ಐಐಎಸ್‌ಸಿಯ ಸಂಧ್ಯಾ ವಿಶ್ವೇಶ್ವರಯ್ಯ ದಶಕಗಳಿಂದ ಅಧ್ಯಯನ ಮಾಡಿದ್ದಾರೆ.

ಬೆಳಕಿನ ಸ್ವಿಚ್ಚಿಗೂ ಮೊದಲು ಪ್ರಯೋಗಾಲಯಗಳಲ್ಲಿ ಸೈಕ್ಲಿಕ್ ಎಎಂಪಿ ಏರಿಸಲು ಫೋರ್ಸ್ಕೋಲಿನ್ ಬಳಸುತ್ತಿದ್ದರು, ಈಗಲೂ ಬಳಸುತ್ತಾರೆ. ಅದು ಎಲ್ಲಿಂದ ಬಂತು ಗೊತ್ತಾ? ನಾವು ಉಪ್ಪಿನಕಾಯಿ ಹಾಕುವ ಮಾಕಂಡಿ ಬೇರಿನಿಂದ. 1970ರ ದಶಕದಲ್ಲಿ ಮುಂಬೈನಲ್ಲಿದ್ದ ಹೆಕ್ಸ್ಟ್ ಕಂಪನಿಯ ಸಂಶೋಧನಾ ಕೇಂದ್ರ ಅದನ್ನು ಬೇರ್ಪಡಿಸಿತು. ಆಗ ಜೀವವೈವಿಧ್ಯ ಕಾಯ್ದೆಯೇ ಇರಲಿಲ್ಲ. ಕಾಯ್ದೆ ಬಂದಿದ್ದು 2002ರಲ್ಲಿ. ಕಾಕತಾಳೀಯ ಅಂದ್ರೆ, ಯುಗ್ಲೀನಾದಲ್ಲಿ ಇಂಥ ಬೆಳಕಿನ ಕಿಣ್ವವನ್ನು ಜಪಾನಿನ ವಿಜ್ಞಾನಿಗಳು ಪ್ರಕಟಿಸಿದ್ದೂ ಅದೇ ವರ್ಷ.

ಫೋರ್ಸ್ಕೋಲಿನ್ ಸುರಿದರೆ ತಟ್ಟೆಯಲ್ಲಿರುವ ಎಲ್ಲ ಕೋಶಗಳೂ ಎದ್ದು ಕೂರುತ್ತವೆ. ಬೆಳಕಾದರೆ ಬೇಕಾದ ಕೋಶಕ್ಕೆ, ಬೇಕಾದಷ್ಟು ಹೊತ್ತು. ಈ ಕಿಣ್ವದ ಜೀನ್ ಸೇರಿಸಿದ ಬೀಟಾ ಕೋಶಗಳಿಂದ ಇಲಿಗಳಲ್ಲಿ ಬೆಳಕು ಬಿಟ್ಟು ಇನ್ಸುಲಿನ್ ಹೆಚ್ಚಿಸಿದ್ದಾರೆ. ಔಷಧವಾಗಲು ಇನ್ನೂ ದೂರ ಇದೆ, ಆದರೆ ದುಡ್ಡಿನ ದಾರಿ ಅದೇ.

ಇಲ್ಲಿ ಯಾರೂ ನಮ್ಮ ಕೆರೆಯಿಂದ ಕದ್ದಿಲ್ಲ. ಬೆಗ್ಗಿಯಟೋವಾದ ಜೀನನ್ನು ಸಂಶೋಧಕರು ಮುಕ್ತವಾಗಿ ಹಂಚಿಕೊಳ್ಳುತ್ತಾರೆ, ಅದು ಒಳ್ಳೆಯದೇ. ಸಮಸ್ಯೆ ಬೇರೆ ಕಡೆ ಇದೆ. ಬೇರು ಸಾಗಿಸಲು ಲಾರಿ ಬೇಕು, ಜೀನ್‌ಗೆ ಬೇಡ. ಅಕ್ಷರಮಾಲೆಯಾಗಿ ಕಂಪ್ಯೂಟರಿಗೆ ಹೋಯಿತೆಂದರೆ ಯಾವ ಊರಿನ ಚೆಕ್‌ಪೋಸ್ಟೂ ಹಿಡಿಯಲ್ಲ. 2024ರಲ್ಲಿ ಕೊಲಂಬಿಯಾದ ಕಾಲಿಯಲ್ಲಿ ಇದಕ್ಕೊಂದು ನಿಧಿ ಒಪ್ಪಿಕೊಂಡರು: ಇಂಥ ಮಾಹಿತಿ ಬಳಸುವ ದೊಡ್ಡ ಕಂಪನಿಗಳು ಲಾಭದ ಶೇ. 1 ಅಥವಾ ಆದಾಯದ ಶೇ. 0.1 ಕೊಡಬೇಕು, ಅದರಲ್ಲಿ ಕನಿಷ್ಠ ಅರ್ಧ ಆದಿವಾಸಿಗಳಿಗೆ, ಸ್ಥಳೀಯ ಸಮುದಾಯಗಳಿಗೆ ಹೋಗಬೇಕು. 'ಕೊಡಬೇಕು' ಅಂದ್ರೆ, ಮನಸ್ಸಿದ್ದರೆ ಕೊಡಬೇಕು. ಕಡ್ಡಾಯ ಅಲ್ಲ.

ಸರಿ, ದುಡ್ಡು ಬಂತು ಅಂದುಕೊಳ್ಳಿ. ನಮ್ಮ ಕಡೆ ಕೇಳೋರು ಯಾರು? ಕಾಯ್ದೆ ಪ್ರಕಾರ ನಮ್ಮ ಆವನಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ಬರೆದಿರಬೇಕು. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದರೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಅಂದಾಗ ದೇಶದಲ್ಲೆಲ್ಲ ದಾಖಲಾತಿಗಳು ಗಡಿಬಿಡಿಯಲ್ಲಿ ತಯಾರಾದವು. ಅವುಗಳಲ್ಲಿ ಸೀತೆಯ ಬೆಟ್ಟದ ಮರಗಿಡ ಬರಬಹುದು, ಕೆರೆಯ ಪಾಚಿ ಬರುತ್ತಾ?

ನಮ್ಮ ಕೋಲಾರ ಜಿಲ್ಲೆಗೆ ಇದು ಬರೀ ಪುಸ್ತಕದ ಪ್ರಶ್ನೆ ಅಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆ ಎರಡೇ ಹಂತ ಶುದ್ಧೀಕರಿಸಿದ ಬೆಂಗಳೂರಿನ ಕೊಳಚೆ ನೀರನ್ನು ಇಲ್ಲಿನ ಕೆರೆಗಳಿಗೆ ಹರಿಸುತ್ತಿದೆ. ಮೂರನೇ ಹಂತ ಬೇಕು ಅಂತ ರೈತರು ಕೂಗುತ್ತಲೇ ಇದ್ದಾರೆ. ಆ ನೀರಿನಲ್ಲಿ ಏನೇನು ಬೆಳೀತಿದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡುವುದು ಆರೋಗ್ಯಕ್ಕೂ ಬೇಕು, ಹಕ್ಕಿಗೂ ಬೇಕು. ಡಿಗ್ರಿ ಕಾಲೇಜಿನ ಜೀವಶಾಸ್ತ್ರ ವಿಭಾಗಕ್ಕೆ ಕೆರೆಗೊಂದು ಬಾಟಲಿ ನೀರು ತರುವುದು ಕಷ್ಟವೇನಲ್ಲ. ಮುಂದಿನ ಗ್ರಾಮಸಭೆಯಲ್ಲಿ ಆ ದಾಖಲಾತಿ ಪುಸ್ತಕ ತೋರಿಸಿ ಅಂತ ಮೊದಲು ಕೇಳೋಣ.